ಕಾಲಲ್ಲಿ ಒತ್ತಿ ಕೈ ತೊಳೆಯುವ ಕ್ಯಾನ್: ತಾಂಜಾನಿಯಾ ಶಾಲೆಗಳಿಗೆ ಹೊರಟ ವಿದ್ಯಾರ್ಥಿ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ನಾಲ್ಕು ಕೋಲು, ಒಂದು 5 ಲೀಟರ್ ಕ್ಯಾನ್, ಹಗ್ಗ, ಸಾಬೂನು. ಇಷ್ಟರಲ್ಲೇ ಆಗುವ ಕೆಲಸ ಇದು. ಕೆಳಗಿನ ಕೋಲನ್ನು ಕಾಲಲ್ಲಿ ಒತ್ತಿದರೆ ಕ್ಯಾನ್ ಬಾಗಿ ನೀರು ಬರುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಇದರ ಹೆಸರು ಟಿಪ್ಪಿ ಟ್ಯಾಪ್. ತಾಂಜಾನಿಯಾದ ಸ್ವಾಹಿಲಿಯಲ್ಲಿ ಇದಕ್ಕೆ ಕಿಬುಯು ಚಿರಿಜಿ ಎನ್ನುತ್ತಾರೆ. ನೋಡಲು ಅರ್ಧ ಗಂಟೆಯ ಆಟ. ಆದರೂ ಉಡುಪಿ, ಮಂಗಳೂರಿನಿಂದ ಹೋದ ತಂಡಗಳು ಮತ್ತೆ ಮತ್ತೆ ಇದರಲ್ಲೇ ಎಡವುತ್ತಿವೆ. ಕಟ್ಟಿದ ದಿನ ಬರುವ ಫೋಟೋ ಚೆನ್ನಾಗಿರುತ್ತದೆ. ತಿಂಗಳು ಕಳೆದ ಮೇಲೆ ಅದೇ ಶಾಲೆಯಿಂದ ಬರುವ ಸುದ್ದಿ ಬೇರೆ: ಕ್ಯಾನ್ ಖಾಲಿ, ಸಾಬೂನು ಇಲ್ಲ, ಹಗ್ಗ ಕಡಿದಿದೆ.

ನಾನು ತರಬೇತಿ ಕೊಟ್ಟು ಕಳಿಸಿದ ಮೊದಲ ತಂಡದ ಕಥೆಯೂ ಹೀಗೇ ಆಯಿತು. ಅಂದಿನಿಂದ ನನ್ನದೊಂದು ಹಠ ಇದೆ. ಇಲ್ಲಿನ ಒಂದು ಶಾಲೆಯಲ್ಲಿ, ನೀವು ಯಾರೂ ಮುಟ್ಟದೆ, ಮೂರು ವಾರ ನಡೆದ ಕ್ಯಾನನ್ನು ಮಾತ್ರ ಅಲ್ಲಿ ಕಟ್ಟಬೇಕು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದೆ ಮುಂದೆ ಮಾಡಿದರೆ ಕಟ್ಟಿದ್ದನ್ನು ಬಿಚ್ಚಬೇಕಾಗುತ್ತದೆ.

## 1. ಮೊದಲು ಕ್ಯಾಲೆಂಡರ್ ನೋಡಿ

ತಾಂಜಾನಿಯಾದ ಕರಾವಳಿಯಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ. ಜೂನ್‌ನಲ್ಲಿ ಅಲ್ಲಿನ ಶಾಲೆಗಳಿಗೆ ರಜೆ. ನಮ್ಮ ತಂಡಗಳು ಬೇಸಿಗೆ ರಜೆ ಸಿಕ್ಕಿತು ಅಂತ ಮೇ ತಿಂಗಳಲ್ಲಿ ಹೊರಡುತ್ತವೆ, ಕೆಸರಿನಲ್ಲಿ ಗುಂಡಿ ತೋಡುತ್ತವೆ, ಮಕ್ಕಳಿಗೆ ಕಲಿಸುವ ಹೊತ್ತಿಗೆ ಮಕ್ಕಳೇ ಇರುವುದಿಲ್ಲ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಒಳಗೆ ಹೋಗಿ.

ಅಂದರೆ ಇಲ್ಲಿನ ಅಭ್ಯಾಸ ಎರಡು ಸಲ ಆಗಬೇಕು. ಮಾರ್ಚ್ ಮೊದಲ ವಾರ ಒಂದು ಕಟ್ಟಿದರೆ ಬೇಸಿಗೆ ರಜೆಗೆ ಮೊದಲು ಮೂರು ವಾರ ಸಿಗುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ನಮ್ಮ ಮಳೆಯಲ್ಲಿ ಇನ್ನೊಂದು ನೋಡಿ. ಹಗ್ಗದ ನಿಜವಾದ ಬಣ್ಣ ಆಗ ಗೊತ್ತಾಗುತ್ತದೆ.

ಕಾಗದದ ಕೆಲಸದಲ್ಲಿ ಎರಡು ಮಾತು. ಪ್ರವಾಸಿ ವೀಸಾದಲ್ಲಿ ಹೋಗಿ ಸ್ವಯಂಸೇವೆ ಮಾಡುವ ಹಾಗಿಲ್ಲ, ಕರೆಯುವ ಸಂಸ್ಥೆಯಿಂದಲೇ ಸರಿಯಾದ ಅನುಮತಿ ಮಾಡಿಸಿಕೊಳ್ಳಿ. ಇನ್ನೊಂದು, ತಾಂಜಾನಿಯಾ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಹಗ್ಗ, ಚಕ್ಕುಲಿ, ಚಪ್ಪಲಿ ಎಲ್ಲವನ್ನೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟುವುದು ನಮ್ಮ ಅಭ್ಯಾಸ, ಅಲ್ವಾ? ಮನೆಯಲ್ಲೇ ಬಿಟ್ಟು ಬಟ್ಟೆ ಚೀಲ ಹಿಡಿಯಿರಿ.

## 2. ಸಾಮಾನು: ಅಲ್ಲಿನ ಹಳ್ಳಿ ಅಂಗಡಿಯಲ್ಲಿ ಸಿಗದ್ದು ಒಂದೂ ಬೇಡ

ಒಂದು ತಂಡ ಮಂಗಳೂರಿನಲ್ಲಿ ಒಳ್ಳೆಯ ನಲ್ಲಿ, ವಾಷರ್, ಪೈಪಿನ ಜಾಯಿಂಟ್ ಎಲ್ಲ ಕೊಂಡು ಹೋಯಿತು. ನೋಡಲು ಲಕ್ಷಣವಾಗಿತ್ತು. ವಾಷರ್ ಹಾಳಾದ ದಿನ ಆ ಅಳತೆಯದ್ದು ಅಲ್ಲಿ ಎಲ್ಲೂ ಸಿಗಲಿಲ್ಲ, ಕತೆ ಮುಗಿಯಿತು.

ಬೇಕಾದದ್ದು ಇಷ್ಟು: ಕವಲಿರುವ ಎರಡು ಕಂಬ, ಒಂದು ಮೀಟರ್ ಉದ್ದದ ಅಡ್ಡಕೋಲು, ಅಷ್ಟೇ ಉದ್ದದ ಕಾಲುಕೋಲು, ಹಿಡಿಯಿರುವ 5 ಲೀಟರ್ ಕ್ಯಾನ್, ತೆಳು ನೈಲಾನ್ ಹಗ್ಗ ನಾಲ್ಕೈದು ಮೀಟರ್, ಎರಡು ಇಂಚಿನ ಮೊಳೆ, ಇಕ್ಕಳ, ಮೇಣದ ಬತ್ತಿ, ಅಳತೆಯ ಟೇಪು, ಹಾರೆ, ಪಿಕ್ಕಾಸು, ಕತ್ತಿ, ಎರಡು ಬುಟ್ಟಿ ಜಲ್ಲಿ. ಇದರಲ್ಲಿ ಇಲ್ಲಿಂದ ಹೊರಬೇಕಾದದ್ದು ಟೇಪು ಮತ್ತು ಇಕ್ಕಳ ಮಾತ್ರ. ಇಕ್ಕಳವನ್ನು ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕಿ. ಉಳಿದದ್ದು ಅಲ್ಲೇ ಕೊಳ್ಳಿ. ಕ್ಯಾನಿಗೆ ಡುಮು, ಹಗ್ಗಕ್ಕೆ ಕಂಬಾ, ಮೊಳೆಗೆ ಮ್ಸುಮಾರಿ, ಹಾರೆಗೆ ಜೆಂಬೆ, ಕತ್ತಿಗೆ ಪಂಗಾ. ಸಾಬೂನಿಗೆ ಸಬುನಿ, ಇದನ್ನು ಕಲಿಯುವ ಕಷ್ಟವೇ ಇಲ್ಲ.

ಕ್ಯಾನ್ ಆರಿಸುವಾಗ ಒಂದು ಕಟ್ಟುನಿಟ್ಟು. ತೋಟದ ಕೀಟನಾಶಕದ ಕ್ಯಾನ್ ಬೇಡವೇ ಬೇಡ. ನಮ್ಮ ಅಡಿಕೆ ತೋಟದ ಶೆಡ್ಡುಗಳಲ್ಲಿ ಇಂಥ ಖಾಲಿ ಕ್ಯಾನ್ ರಾಶಿ ಬಿದ್ದಿರುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಎಷ್ಟು ಸಲ ತೊಳೆದರೂ ಅವು ಮಕ್ಕಳ ಕೈಗೆ ತಕ್ಕದ್ದಲ್ಲ. ಅಡುಗೆ ಎಣ್ಣೆಯ ಕ್ಯಾನ್ ತನ್ನಿ, ಬಿಸಿನೀರು ಮತ್ತು ಸಾಬೂನಿನ ಪುಡಿಯಲ್ಲಿ ಮೂರು ಸಲ ಕುಲುಕಿ ತೊಳೆಯಿರಿ. ಜಿಡ್ಡು ಉಳಿದರೆ ವಾರದಲ್ಲಿ ಕಮಟು ವಾಸನೆ, ಮೇಲಿಂದ ಇರುವೆ. ಹಿಡಿಯೊಳಗೆ ಅಡ್ಡಕೋಲು ಸಲೀಸಾಗಿ ತೂರುತ್ತದೋ ಎಂದು ಕೊಳ್ಳುವಾಗಲೇ ನೋಡಿ.

ಕಂಬಕ್ಕೆ ಅಡಿಕೆ ಮರ ತರುತ್ತೇವೆ ಎಂದು ಹುಡುಗರು ಪ್ರತಿ ವರ್ಷ ಹೇಳುತ್ತಾರೆ. ಅಡಿಕೆ ಮರಕ್ಕೆ ಕವಲೆಲ್ಲಿದೆ ಮಾರಾಯ್ರೆ! ಗೇರು ಅಥವಾ ಮಾವಿನ ಕೊಂಬೆ ನೋಡಿ. ಅವೆರಡೂ ತಾಂಜಾನಿಯಾದ ಕರಾವಳಿಯಲ್ಲಿ ಧಾರಾಳ. ಅಡ್ಡಕೋಲಿಗೆ ಗಾಳಿಮರದ ಸಪೂರ ಕೋಲು ಚೆನ್ನಾಗಿರುತ್ತದೆ.

## 3. ಜಾಗ ಹುಡುಕುವುದು

ಮಕ್ಕಳು ಶೌಚಾಲಯದಿಂದ ಕ್ಲಾಸಿಗೆ ಓಡುವ ದಾರಿ ಯಾವುದು? ಬಿಡುವಿನ ಹೊತ್ತಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಕ್ಯಾನ್ ಆ ದಾರಿಯಲ್ಲೇ ಇರಬೇಕು. ಹತ್ತು ಹೆಜ್ಜೆ ಬದಿಗೆ ಸರಿದರೂ ಯಾರೂ ತಿರುಗುವುದಿಲ್ಲ. ಟೀಚರ್ ಕುಳಿತಲ್ಲಿಂದ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಬಾವಿ ಅಥವಾ ಬೋರ್‌ವೆಲ್ ಪಕ್ಕದಲ್ಲಿ ಮಾತ್ರ ಬೇಡ, ಕೊಳೆ ನೀರು ಅಲ್ಲೇ ಇಂಗುತ್ತದೆ. ಹುಡುಗಿಯರ ಶೌಚಾಲಯಕ್ಕೆ ಒಂದು, ಹುಡುಗರದ್ದಕ್ಕೆ ಒಂದು ಬೇರೆ ಬೇರೆ ಇಡಿ.

## 4. ಕಂಬ ಮತ್ತು ಇಂಗುಗುಂಡಿ

ಸಾಮಾನ್ಯವಾಗಿ ಸಿಗುವ ಚಿತ್ರಗಳಲ್ಲಿ ಕಂಬ 2 ಮೀಟರ್ ಇರುತ್ತದೆ. ಅದು ದೊಡ್ಡವರ ಅಳತೆ. ಒಂದನೇ ಕ್ಲಾಸಿನ ಮಗು ಅದರ ಕೆಳಗೆ ನಿಂತರೆ ನೀರು ತಲೆಗೆ ಬೀಳುತ್ತದೆ, ಮೊಣಕೈಯಿಂದ ಇಳಿದು ಅಂಗಿಯೊಳಗೆ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಒಂದೂವರೆ ಮೀಟರ್ ಕಂಬ ಸಾಕು. ಅರ್ಧ ಮೀಟರ್ ನೆಲದೊಳಗೆ, ಒಂದು ಮೀಟರ್ ಮೇಲೆ. ಆಗ ಕ್ಯಾನಿನ ತೂತು ನೆಲದಿಂದ ಮುಕ್ಕಾಲು ಮೀಟರ್‌ಗಿಂತ ತುಸು ಮೇಲೆ ಬರುತ್ತದೆ. ಅಳತೆ ಪಟ್ಟಿಗಿಂತ ನಂಬಿಕೆಯದ್ದು ಮಗುವಿನ ಮೊಣಕೈ. ಒಂದು ಮಗುವನ್ನು ಕರೆದು ನಿಲ್ಲಿಸಿ, ನೀರು ಮೊಣಕೈಗಿಂತ ಒಂದು ಗೇಣಿನೊಳಗೆ ಮೇಲಿಂದ ಬೀಳುವಂತೆ ಗುರುತು ಹಾಕಿ. ದೊಡ್ಡ ಕ್ಲಾಸಿನವರಿಗೆ ಇನ್ನೊಂದು ಎತ್ತರದ ಕ್ಯಾನ್ ಕಟ್ಟಿ.

ಎರಡು ಗುಂಡಿಗಳ ನಡುವೆ 70 ಸೆಂಟಿಮೀಟರ್ ಅಂತರ ಇರಲಿ. ಮಣಿಪಾಲದ ಗುಡ್ಡದಲ್ಲಿ ಅಭ್ಯಾಸ ಮಾಡಿದವರಿಗೆ ಮುರಕಲ್ಲಿನಲ್ಲಿ ಅರ್ಧ ಮೀಟರ್ ತೋಡುವುದೇ ಒಂದು ದಿನದ ಕೆಲಸ, ಆದರೆ ನೆಟ್ಟ ಕಂಬ ಅಲ್ಲಾಡುವುದಿಲ್ಲ. ತಾಂಜಾನಿಯಾದ ಕರಾವಳಿಯಲ್ಲಿ ಹಲವು ಕಡೆ ಮರಳು ನೆಲ. ಅಲ್ಲಿ ಹತ್ತು ನಿಮಿಷದಲ್ಲಿ ಗುಂಡಿ ಆಗುತ್ತದೆ, ಹತ್ತು ದಿನದಲ್ಲಿ ಕಂಬ ವಾಲುತ್ತದೆ. ಹಾಗಾಗಿ ಒಂದು ಅಭ್ಯಾಸವನ್ನಾದರೂ ಮಲ್ಪೆ ಕಡೆಯ ಮರಳಿನಲ್ಲಿ ಮಾಡಿ. ಮರಳಾದರೆ ಹತ್ತು ಸೆಂಟಿಮೀಟರ್ ಜಾಸ್ತಿ ತೋಡಿ, ಕಂಬವನ್ನೂ ಅಷ್ಟೇ ಜಾಸ್ತಿ ಉದ್ದಕ್ಕೆ ಕಡಿಯಿರಿ. ಸುತ್ತ ಕಲ್ಲು ಜಡಿದು ಒಂದೊಂದು ಪದರಕ್ಕೂ ನೀರು ಹಾಕಿ ಗುದ್ದಿ.

ನೆಲದೊಳಗೆ ಹೋಗುವ ತುದಿಯನ್ನು ಬೆಂಕಿಯಲ್ಲಿ ಹೊರಳಿಸಿ ಮೇಲ್ಪದರ ಕರಿಯಾಗುವಷ್ಟು ಸುಡಿ. ಗೆದ್ದಲು ಬರುವುದು ತಡವಾಗುತ್ತದೆ.

ಕಂಬ ನಿಂತ ಕೂಡಲೇ, ಕ್ಯಾನ್ ನೇತುಹಾಕುವ ಮೊದಲೇ, ನೀರು ಬೀಳುವ ಜಾಗದಲ್ಲಿ ಇಂಗುಗುಂಡಿ ತೋಡಿ. ಅಗಲ ಅರ್ಧ ಮೀಟರ್, ಆಳ 40 ಸೆಂಟಿಮೀಟರ್. ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ. ಕ್ಯಾನ್ ಕಟ್ಟಿದ ಮೇಲೆ ತೋಡುತ್ತೇವೆ ಎಂದವರು ತೋಡಿದ್ದನ್ನು ನಾನು ಕಂಡಿಲ್ಲ. ಗುಂಡಿ ಇಲ್ಲದಿದ್ದರೆ ಮೂರೇ ದಿನಕ್ಕೆ ಕೆಸರು, ಕೆಸರಿಗೆ ಸೊಳ್ಳೆ, ಬಿಳಿ ಅಂಗಿಯ ಮಕ್ಕಳು ಆ ಕಡೆ ಬರುವುದೇ ಇಲ್ಲ. ಮಲೇರಿಯಾ ಇರುವ ಊರಿಗೆ ನಾವೇ ಸೊಳ್ಳೆ ಗುಂಡಿ ಮಾಡಿಕೊಟ್ಟ ಹಾಗಾಗುತ್ತದೆ.

## 5. ಒಂದೇ ಒಂದು ತೂತು

ಜಾಸ್ತಿ ತಪ್ಪಾಗುವುದು ಇಲ್ಲೇ.

ಕ್ಯಾನಿನ ಹಿಡಿ ಹಿಂದೆ ಇರಲಿ. ಅದರ ಎದುರು ಬದಿಯಲ್ಲಿ, ಮುಚ್ಚಳದಿಂದ 12 ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಚುಕ್ಕಿ ಇಡಿ. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಮೇಣದ ಬತ್ತಿಯಲ್ಲಿ ಕಾಯಿಸಿ, ನೇರ ಒಳಗೆ ತಳ್ಳಿ ನೇರ ಹೊರಗೆ ಎಳೆಯಿರಿ. ತಿರುಗಿಸಿದರೆ ತೂತು ಅಗಲವಾಗುತ್ತದೆ. ಈ ಕೆಲಸ ಬಯಲಲ್ಲಿ ಮಾಡಿ, ಪ್ಲಾಸ್ಟಿಕ್ ಹೊಗೆ ಒಳ್ಳೆಯದಲ್ಲ. ಮಕ್ಕಳು ಸುತ್ತ ಮುಗಿಬೀಳುತ್ತಾರೆ, ದೂರ ನಿಲ್ಲಿಸಿ.

ತೂತು ಎರಡರಿಂದ ಮೂರು ಮಿಲಿಮೀಟರ್ ಇದ್ದರೆ ಸಾಕು. ನಮ್ಮ ಹುಡುಗರು ಒಮ್ಮೆ ನೀರು ಚೆನ್ನಾಗಿ ಬರಲಿ ಎಂದು ಆರು ತೂತು ಹಾಕಿದರು. ಚೆನ್ನಾಗಿಯೇ ಬಂತು. ಎಂಟನೇ ಮಗುವಿಗೆ ಕ್ಯಾನ್ ಖಾಲಿ. ಸುಟ್ಟ ತೂತನ್ನು ಮತ್ತೆ ಮುಚ್ಚುವುದು ಕೈಗೂಡುವ ಕೆಲಸವಲ್ಲ, ಹೊಸ ಕ್ಯಾನೇ ಬೇಕು. ಒಂದು ತೂತು ಹಾಕಿ, ನೋಡಿ, ಸಾಲದಿದ್ದರೆ ಪಕ್ಕದಲ್ಲಿ ಇನ್ನೊಂದು.

ಮುಚ್ಚಳದ ನಡುವೆ ಬೇರೆ ತೂತು ಬೇಕು. ಅದು ಹಗ್ಗಕ್ಕೂ ಹೌದು, ಗಾಳಿಗೂ ಹೌದು. ಗಾಳಿ ಒಳಗೆ ಹೋಗದಿದ್ದರೆ ನೀರು ಗುಳುಗುಳು ಎಂದು ನಿಂತು ನಿಂತು ಬರುತ್ತದೆ. ಹಗ್ಗಕ್ಕಿಂತ ತುಸು ದೊಡ್ಡದಾಗಿಯೇ ಮಾಡಿ.

ಈಗ ಹೆಚ್ಚಿನವರಿಗೆ ಹೊಳೆಯದ ವಿಷಯ. 5 ಲೀಟರ್ ಕ್ಯಾನಿನಲ್ಲಿ 5 ಲೀಟರ್ ನಿಲ್ಲುವುದಿಲ್ಲ. ತೂತಿನ ಮಟ್ಟಕ್ಕಿಂತ ಮೇಲಿನ ನೀರು ತಾನಾಗಿ ಸೋರಿ ಹೋಗುತ್ತದೆ. ತೂತಿನವರೆಗೆ ಎಷ್ಟು ಹಿಡಿಯುತ್ತದೆ ಎಂದು ಲೀಟರ್ ಬಾಟಲಿಯಲ್ಲಿ ಅಳೆಯಿರಿ, ಅಲ್ಲಿಗೆ ಹೊರಗಿನಿಂದ ಬಣ್ಣದ ಗೆರೆ ಎಳೆಯಿರಿ. ಆಮೇಲೆ ಹತ್ತು ಮಕ್ಕಳಿಂದ ಕೈ ತೊಳೆಸಿ ಎಷ್ಟು ಖರ್ಚಾಯಿತು ನೋಡಿ. 3 ಲೀಟರ್ ಇದ್ದು ಒಬ್ಬರಿಗೆ 100 ಮಿಲಿಲೀಟರ್ ಆದರೆ 30 ಮಕ್ಕಳು. ಶಾಲೆಯಲ್ಲಿ 300 ಮಕ್ಕಳಿದ್ದರೆ? ಈ ಲೆಕ್ಕ ಇಲ್ಲೇ ಕೂತು ಮಾಡಿ. ಇದನ್ನು ಮಾಡದೆ ಹೋದ ತಂಡಗಳು ಶಾಲೆಗೊಂದು ಕ್ಯಾನ್ ಕಟ್ಟಿ ಬಂದಿವೆ.

## 6. ಹಗ್ಗ, ಕಾಲುಕೋಲು, ತೂಗಾಟ

ಅಡ್ಡಕೋಲನ್ನು ಕ್ಯಾನಿನ ಹಿಡಿಯೊಳಗೆ ತೂರಿಸಿ ಕವಲುಗಳ ಮೇಲಿಟ್ಟು ಎರಡೂ ಕಡೆ ಬಿಗಿಯಾಗಿ ಕಟ್ಟಿ. ಕ್ಯಾನ್ ಆಚೆ ಈಚೆ ಜಾರದಂತೆ ಹಿಡಿಯ ಎರಡೂ ಬದಿಗೆ ಕೋಲಿನ ಮೇಲೆ ಹಗ್ಗ ಸುತ್ತಿ ಗಂಟು ಹಾಕಿ.

ಎಳೆಯುವ ಹಗ್ಗದ ಒಂದು ತುದಿ ಮುಚ್ಚಳದ ತೂತಿನಿಂದ ಒಳಗೆ ಹೋಗಬೇಕು. ಒಳಗೆ ಬರೀ ಗಂಟು ಸಾಲದು. ಬೆರಳುದ್ದದ ಕಡ್ಡಿಗೆ ಕಟ್ಟಿ. ಇದನ್ನು ನಮಗೆ ಕಲಿಸಿದ್ದು ಉಡುಪಿ ಹತ್ತಿರದ ಶಾಲೆಯ ಒಂದನೇ ಕ್ಲಾಸಿನ ಪುಟ್ಟ ಹುಡುಗಿ. ಒಂದು ಕಾಲಲ್ಲಿ ಒತ್ತಿದಳು, ಆಗಲಿಲ್ಲ. ಸರಿ, ಎರಡೂ ಕಾಲಲ್ಲಿ ಕೋಲಿನ ಮೇಲೆ ಹಾರಿ ನಿಂತಳು. ಟಪ್ ಎಂದು ಗಂಟು ತೂತಿನಿಂದ ಕಿತ್ತು ಬಂತು. ಕೋಲು ನೆಲಕ್ಕೆ, ಅವಳು ಕೋಲಿನ ಮೇಲೆ, ಕೈಯಲ್ಲಿ ಸಾಬೂನಿನ ನೊರೆ. ನನ್ನ ಮುಖ ನೋಡಿ "ಹಾಳಾಯ್ತಾ ಸರ್?" ಎಂದು ಕೇಳಿದಳು. ಮಕ್ಕಳು ಹೀಗೇ ಬಳಸುತ್ತಾರೆ. ಅವರ ತೂಕ ತಡೆಯುವಂತೆ ಕಟ್ಟುವುದು ನಮ್ಮ ಕೆಲಸ.

ಹಗ್ಗದ ಇನ್ನೊಂದು ತುದಿಯನ್ನು ಕಾಲುಕೋಲಿನ ತುದಿಗೆ ಕಟ್ಟಿ. ಕೋಲಿನ ಆ ತುದಿ ನೆಲದಿಂದ 10ರಿಂದ 15 ಸೆಂಟಿಮೀಟರ್ ಮೇಲೆ ತೂಗಬೇಕು, ಮಗು ನಿಲ್ಲುವ ಕಡೆಯ ತುದಿ ನೆಲಕ್ಕೆ ತಾಗಿರಬೇಕು. ಕೋಲನ್ನು ಬೇರೆ ಯಾವುದಕ್ಕೂ ಕಟ್ಟಬೇಡಿ. ಹಗ್ಗ ಉದ್ದವಾದರೆ ಕ್ಯಾನ್ ಬಾಗುವ ಮೊದಲೇ ಕೋಲು ನೆಲ ಮುಟ್ಟುತ್ತದೆ. ಗಿಡ್ಡವಾದರೆ ಕ್ಯಾನ್ ಸದಾ ಬಾಗಿಯೇ ಇದ್ದು ತೊಟ್ಟಿಕ್ಕುತ್ತದೆ. ನೀರು ತುಂಬಿದ ಮೇಲೆ ಒಮ್ಮೆ, ಮುಕ್ಕಾಲು ಖಾಲಿಯಾದಾಗ ಒಮ್ಮೆ ಒತ್ತಿ ನೋಡಿ ಉದ್ದ ಹೊಂದಿಸಿ.

ಇಲ್ಲಿ ತೆಂಗಿನ ನಾರಿನ ಹುರಿ ಬಳಸುವ ಆಸೆ ಎಲ್ಲರಿಗೂ. ಅಲ್ಲಿ ಕತಾಳೆ ನಾರಿನ ಹಗ್ಗ ಸುಲಭವಾಗಿ ಸಿಗುತ್ತದೆ. ಎರಡೂ ಎಳೆಯುವ ಹಗ್ಗಕ್ಕೆ ಆಗದು. ನಾರಿನ ಹಗ್ಗ ಒದ್ದೆಯಾದಾಗ ಉಬ್ಬಿ ಉದ್ದ ಕಡಿಮೆಯಾಗುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಕ್ಯಾನ್ ಮಧ್ಯಾಹ್ನ ಸೋರುತ್ತಿದೆ ಎಂದರೆ ಕಾರಣ ಹೆಚ್ಚಾಗಿ ಇದೇ. ಕಂಬ ಬಿಗಿಯಲು ನಾರು ಇರಲಿ, ಎಳೆಯಲು ನೈಲಾನ್.

## 7. ಸಾಬೂನು ಮತ್ತು ಕಾಗೆ

ಸಾಬೂನಿಗೆ ತೂತು ಕೊರೆದು ಹಗ್ಗ ಪೋಣಿಸಿ ಅಡ್ಡಕೋಲಿಗೆ ನೇತುಹಾಕುವುದು ಎಲ್ಲ ಚಿತ್ರಗಳಲ್ಲೂ ಇರುವ ಉಪಾಯ. ನಾವೂ ಹಾಗೇ ಮಾಡಿದೆವು. ಮೂರನೇ ದಿನ ಬಿಸಿಯೂಟದ ಅಕ್ಕ ಫೋನ್ ಮಾಡಿದರು. "ನಿಮ್ಮ ಸಾಬೂನು ಕಾಗೆ ಕೊಂಡೋಯ್ತು ಮಾರಾಯ್ರೆ, ಹಗ್ಗ ಮಾತ್ರ ಉಂಟು." ಬಾವಿಕಟ್ಟೆಯಲ್ಲಿ ಸಾಬೂನು ಇಟ್ಟು ಗೊತ್ತಿದ್ದವರಿಗೆ ಇದು ಹೊಸತಲ್ಲ. ಅಲ್ಲಿ ಈ ಕಾಟ ಇರಲಿಕ್ಕಿಲ್ಲ ಎಂದುಕೊಂಡಿರಾ? ನಮ್ಮದೇ ಊರಕಾಗೆ 1890ರ ದಶಕದಲ್ಲಿ ಅಲ್ಲಿನ ಜಾಂಜಿಬಾರ್ ದ್ವೀಪ ಸೇರಿ ಈಗ ದಾರ್ ಎಸ್ ಸಲಾಮ್ ನಗರದ ತುಂಬ ಇದೆ.

ಪರಿಹಾರ ಎರಡು. ಮೊದಲನೆಯದು, ಸಾಬೂನನ್ನು ಈರುಳ್ಳಿಯ ಬಲೆ ಚೀಲದ ತುಂಡಿನಲ್ಲಿ ಕಟ್ಟಿ, ಮೇಲೆ ತೂತು ಮಾಡಿದ ಗೆರಟೆಯನ್ನು ಕೊಡೆಯ ಹಾಗೆ ಬೋರಲು ಹಾಕುವುದು. ಮಳೆಗೆ ಕರಗುವುದೂ ತಪ್ಪುತ್ತದೆ. ಗೆರಟೆಗೆ ಸ್ವಾಹಿಲಿಯಲ್ಲಿ ಕಿಫೂ, ಅಲ್ಲೂ ತೆಂಗಿನ ಊರೇ. ಎರಡನೆಯದು ನನಗೆ ಹೆಚ್ಚು ಇಷ್ಟ: ಸಾಬೂನು ನೀರು. ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಬಾಟಲಿಯಲ್ಲಿ ತುಂಬಿ ಕಂಬಕ್ಕೆ ಕಟ್ಟಿ. ಕಾಗೆಗೂ ಬೇಡ, ಮನೆಗೆ ಒಯ್ಯುವವರಿಗೂ ಬೇಡ, ಖರ್ಚೂ ಕಡಿಮೆ. ಬಾಟಲಿಯ ಮೇಲೆ ಕುಡಿಯಬಾರದು ಎಂದು ಚಿತ್ರ ಬರೆಯಿರಿ. ಕ್ಯಾನಿನ ನೀರೂ ಕುಡಿಯಲಿಕ್ಕಲ್ಲ, ಅದನ್ನೂ ಹೇಳಿ.

ಕೈ ಉಜ್ಜುವುದು 20 ಸೆಕೆಂಡು. ಅಲ್ಲಿ ಮಕ್ಕಳ ಜೊತೆ ಮೊಜಾ, ಮ್ಬಿಲಿ, ತಾತು ಎಂದು ಇಶಿರಿನಿವರೆಗೆ, ಅಂದರೆ ಇಪ್ಪತ್ತರವರೆಗೆ, ನಿಧಾನಕ್ಕೆ ಎಣಿಸಿ. ನಿಮ್ಮ ಉಚ್ಚಾರಕ್ಕೆ ಅವರು ನಗುತ್ತಾರೆ, ಎಣಿಕೆ ಮಾತ್ರ ತಪ್ಪುವುದಿಲ್ಲ.

## 8. ಗಂಜಿ ಹೊತ್ತಿನ ಸಾಲಿಗೆ ಪೈಪು

ಅಲ್ಲಿನ ಹಲವು ಶಾಲೆಗಳಲ್ಲಿ ಬೆಳಗಿನ ಬಿಡುವಿಗೆ ಉಜಿ ಎಂಬ ಗಂಜಿ ಕೊಡುತ್ತಾರೆ. ಆಗ ಎಲ್ಲರೂ ಒಟ್ಟಿಗೆ ಬರುತ್ತಾರೆ, ನೇತಾಡುವ ಕ್ಯಾನ್ ಅದಕ್ಕೆ ಸಾಲುವುದಿಲ್ಲ. ಮುಕ್ಕಾಲು ಇಂಚಿನ, 3 ಮೀಟರ್ ಪಿವಿಸಿ ಪೈಪು ತನ್ನಿ. 30 ಸೆಂಟಿಮೀಟರ್‌ಗೆ ಒಂದರಂತೆ 2 ಮಿಲಿಮೀಟರ್ ತೂತು ಹಾಕಿ ಒಂದು ತುದಿ ಮುಚ್ಚಿ. ಇನ್ನೊಂದು ತುದಿಯನ್ನು ಎತ್ತರದಲ್ಲಿಟ್ಟ 20 ಲೀಟರ್ ಬಕೆಟ್ಟಿಗೆ ವಾಲ್ವಿನ ಮೂಲಕ ಜೋಡಿಸಿ. ಹೀಗೆ ಒಂಬತ್ತು ಹತ್ತು ಮಕ್ಕಳು ಒಟ್ಟಿಗೆ ತೊಳೆಯಬಹುದು. ಪೈಪು ಮಟ್ಟಸವಾಗಿರಲಿ, ವಾಲಿದರೆ ಒಂದು ತುದಿಯವರಿಗೆ ಬರೀ ಹನಿ. ಒದ್ದೆ ಮಾಡಿಕೊಳ್ಳಲು ಒಮ್ಮೆ, ತೊಳೆಯಲು ಒಮ್ಮೆ ಮಾತ್ರ ವಾಲ್ವ್ ತೆರೆಯುವುದು. ವಾಲ್ವ್ ಅಲ್ಲಿನ ಅಂಗಡಿಯದ್ದೇ ಆಗಿರಲಿ. ಎರಡನೇ ಹಂತ ನೆನಪಿದೆಯಲ್ಲ?

## 9. ಇಲ್ಲಿ ಮೂರು ವಾರ, ಕೈ ಕಟ್ಟಿ ಕುಳಿತು

ಊರ ಶಾಲೆಯಲ್ಲಿ ಕಟ್ಟಿ ಕೊಟ್ಟು ಹಿಂದೆ ಸರಿಯಿರಿ. ದಿನಕ್ಕೊಮ್ಮೆ ಹೋಗಿ ನೋಡಿ ಬರೆದುಕೊಳ್ಳಿ, ಮುಟ್ಟಬೇಡಿ. ತುಂಬಿಸುವ ಮನಸ್ಸಾಗುತ್ತದೆ, ತಡೆಯಿರಿ. ಮೊದಲ ವಾರ ಎಲ್ಲರಿಗೂ ಹುಮ್ಮಸ್ಸು, ಆ ವಾರದ ಲೆಕ್ಕ ಬಿಟ್ಟುಬಿಡಿ. ಎರಡನೇ ಸೋಮವಾರ ಬೆಳಿಗ್ಗೆ ಕ್ಯಾನಿನಲ್ಲಿ ನೀರಿದೆಯೇ? ಶನಿವಾರ ಖಾಲಿಯಾದದ್ದನ್ನು ತುಂಬಿಸುವುದು ಯಾರ ಕೆಲಸ ಎಂದು ಯಾರಿಗೂ ಗೊತ್ತಿಲ್ಲದಿದ್ದರೆ ಅಲ್ಲಿಗೆ ಸಿಕ್ಕಿಬಿದ್ದಿರಿ. ಕಟ್ಟಿದ್ದು ಸರಿಯಿದೆ, ಒಪ್ಪಿಸಿದ್ದು ಸರಿಯಿಲ್ಲ.

ಜಲ್ಲಿಯ ಮೇಲೆ ನೊರೆ ನಿಲ್ಲುವುದು, ಕಾಲುಕೋಲು ನೆಲದಲ್ಲಿ ಅಲುಗಾಡದೆ ಹುಗಿದಿರುವುದು, ತೂತಿನ ಸುತ್ತ ಹಸಿರು ಪಾಚಿ, ಮಕ್ಕಳು ಕೋಲು ಬಿಟ್ಟು ಕೈಯಲ್ಲೇ ಕ್ಯಾನ್ ಬಗ್ಗಿಸುವುದು. ಇವು ಕಂಡರೆ ಆ ದಿನವೇ ಬರೆದಿಡಿ. ಕೊನೆಯದ್ದನ್ನು ಲಘುವಾಗಿ ಎಣಿಸಬೇಡಿ. ತೊಳೆಯದ ಕೈಗಳೆಲ್ಲ ಅದೇ ಕ್ಯಾನ್ ಮುಟ್ಟಿದರೆ ಕಾಲುಕೋಲು ಕಟ್ಟಿಯೂ ಪ್ರಯೋಜನವಿಲ್ಲ.

## 10. ಅಲ್ಲಿ ಹೋದ ಮೇಲೆ

ಮೊದಲ ದಿನ ಹಾರೆ ಹಿಡಿಯಬೇಡಿ. ಮುಖ್ಯೋಪಾಧ್ಯಾಯರಿಗೆ, ಹಿರಿಯರಿಗೆ "ಶಿಕಮೂ" ಎಂದು ನಮಸ್ಕಾರ ಹೇಳಿ. "ಮರಹಬಾ" ಎಂದು ಉತ್ತರ ಬರುತ್ತದೆ. ನೀರು ಎಲ್ಲಿಂದ ತರುತ್ತಾರೆ, ಯಾರು ಹೊರುತ್ತಾರೆ, ಎಷ್ಟು ದೂರ ಎಂದು ಕೇಳಿ ನೋಡಿ. ನಾಲ್ಕು ಕ್ಯಾನಿಗೆ ನೀರು ಹೊರುವುದು ಕಡೆಗೆ ಐದನೇ ಕ್ಲಾಸಿನ ಹುಡುಗಿಯರ ತಲೆಗೇ ಬರುತ್ತದೆ. ಹುಡುಗರ ಹೆಸರೂ ಪಾಳಿಯಲ್ಲಿ ಇರಲಿ ಎಂದು ಟೀಚರ್ ಹತ್ತಿರ ಮೊದಲೇ ಮಾತಾಡಿ.

ಮೊದಲ ಕ್ಯಾನ್ ನೀವು ಕಟ್ಟಿ, ಅವರು ನೋಡಲಿ. ಎರಡನೆಯದ್ದನ್ನು ಅವರು ಕಟ್ಟಲಿ, ನೀವು ಕೈ ಹಿಂದೆ ಕಟ್ಟಿಕೊಂಡು ನಿಲ್ಲಿ. ಮೂರನೆಯದ್ದು ನೀವು ಇಲ್ಲದಾಗ ಆಗಲಿ. ಅದು ಸೊಟ್ಟಗಿದ್ದರೂ ಸರಿಪಡಿಸಲು ಹೋಗಬೇಡಿ, ನೀರು ಬಂದರೆ ಸಾಕು.

ಸಾಬೂನಿನ ದೊಡ್ಡ ಡಬ್ಬ ಉಡುಗೊರೆ ಕೊಟ್ಟು ಬರುವ ಚಟ ನಮ್ಮವರಿಗೆ ಇದೆ. ಅದು ಆಫೀಸಿನ ಕಪಾಟಿನಲ್ಲಿ ಬೀಗದೊಳಗೆ ಭದ್ರವಾಗಿರುತ್ತದೆ. ಅದರ ಬದಲು ತಿಂಗಳಿಗೆ ಎಷ್ಟು ಪುಡಿ ಬೇಕು, ಎಷ್ಟು ಶಿಲಿಂಗ್ ಆಗುತ್ತದೆ, ಯಾರು ಕೊಡುತ್ತಾರೆ ಎಂದು ಶಾಲಾ ಸಮಿತಿಯ ಎದುರು ಕೂತು ಲೆಕ್ಕ ಬರೆಸಿ. ತುಂಬಿಸುವ ಪಾಳಿಯನ್ನು ಕ್ಲಾಸಿನ ಗೋಡೆಗೆ ಅಂಟಿಸಿ, ಶನಿವಾರ ಭಾನುವಾರವೂ ಅದರಲ್ಲಿರಲಿ. ಇಕ್ಕಳ, ಮೊಳೆ, ಉಳಿದ ಹಗ್ಗ ಅಲ್ಲೇ ಬಿಟ್ಟು ಬನ್ನಿ.

ಊರಿಗೆ ಬಂದು ಮೂರು ವಾರದ ಮೇಲೆ ಒಂದು ಫೋಟೋ ಕೇಳಿ. ಸಾಲಾಗಿ ನಿಂತ ಮಕ್ಕಳದ್ದು ಬೇಡ. ಕ್ಯಾನಿನ ಕೆಳಗಿನ ಜಲ್ಲಿಯದ್ದು, ಬೆಳಿಗ್ಗೆ ಹನ್ನೊಂದು ಗಂಟೆಗೆ ತೆಗೆದದ್ದು. ಜಲ್ಲಿ ಒದ್ದೆಯಾಗಿದ್ದರೆ ಸರಿ. ಒಣಗಿದ್ದರೆ ಸಾಬೂನಿಗೆ ದುಡ್ಡು ಕಳಿಸುವ ಮೊದಲು ಫೋನ್ ಮಾಡಿ, ಈ ವಾರ ತುಂಬಿಸುವ ಪಾಳಿ ಯಾರದ್ದು ಎಂದು ಕೇಳಿ.